ಮೊದಲ ಐನೂರು ಮೈಲಿ

ಕೆಂಗೇರಿ
12-6-1955, ಭಾನುವಾರ

ಪ್ರೀತಿಯ ಮಗಳು ವತ್ಸಲಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದು ಬಂದು ಹದಿನೆಂಟು ದಿನವಾಯಿತು, ಎರಡನೆಯದು ಬಂದು ಒಂಬತ್ತು ದಿನ. ತಡವಾಯಿತೆಂದು ಬೇಸರಪಡಬೇಡ. ಕಾಗದ ಎಂದ ಮೇಲೆ ಮೊದಲ ಸಾಲಿನಲ್ಲೇ ಎಲ್ಲರೂ ಕ್ಷೇಮವೆಂದು ಬರೆಯಬೇಕು. ಹಾಗೆ ಬರೆಯಬಹುದಾದ ದಿನ ಬರಲಿ ಎಂದು ಕಾದೆ. ಬರಲಿಲ್ಲ. ಇವತ್ತು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಮಗುವಿನ ನಾಯಿಕೆಮ್ಮು ಇಳಿಯಿತೆ? ದಾವಣಗೆರೆಯಲ್ಲಿ ಮಳೆ ಹೇಗಿದೆ? ಅಳಿಯಂದಿರ ಹೈಸ್ಕೂಲು ತೆರೆದಿರಬೇಕು.

ನಿಮ್ಮಮ್ಮನ ಪಾದಗಳು ಊದಿಕೊಂಡಿದ್ದನ್ನು ಮಾರ್ಚಿನಲ್ಲಿ ನೀನೇ ನೋಡಿ ಹೋಗಿದ್ದೆ. ಹೃದಯ ಸೋತಿದೆ, ಅದರಿಂದ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದರು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ನೀರಿಳಿಸುವ ಇಂಜೆಕ್ಷನ್ ಕೊಡುತ್ತಾರೆ. ಕೊಟ್ಟ ದಿನ ಸಂಜೆಯೊಳಗೆ ಉಸಿರು ಹಗುರವಾಗುತ್ತದೆ. ಒಂದು ಸಲ ತಪ್ಪಿದರೆ ಅಡಿಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾಳೆ. "ಬಿಡದ ಹಾಗೆ ಕೊಡಿಸಿದರೆ ಎಷ್ಟೋ ವರ್ಷ ಇರ್ತಾರೆ. ತಪ್ಪಿಸಿದರೆ ನಾನೇನೂ ಹೇಳಲಾರೆ" ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದಾರೆ.

ನಮ್ಮ ಮನೆಯಿಂದ ಆಸ್ಪತ್ರೆಗೆ ಒಂಬತ್ತು ಮೈಲಿ. ಬಸ್ಸಿನ ಮೆಟ್ಟಿಲು ಅವಳಿಗೆ ಆಗುವುದಿಲ್ಲ. ಜಟಕಾದಲ್ಲಿ ಎರಡು ಗಂಟೆ ಕುಲುಕಿದರೆ ಉಸಿರು ಹತ್ತುತ್ತದೆ. ಹಾಗಾಗಿ ನಿನ್ನನ್ನು ಮಿಡ್ಲ್ ಸ್ಕೂಲಿಗೆ ಬಿಟ್ಟು ಬರುತ್ತಿದ್ದ ನಮ್ಮ ಹಳೆಯ ಕಪ್ಪು ಕಾರೇ ಈಗ ಅವಳಿಗೆ ಔಷಧಿ ಎಂದು ತಿಳಿದುಕೋ. ಆ ಕಾರು ಕೆಟ್ಟಿದೆ.

ಏಪ್ರಿಲ್ ಕೊನೆಯಿಂದಲೇ ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಬರುತ್ತಿತ್ತು. ಎಣ್ಣೆ ಹಾಕಿದಷ್ಟೂ ಕುಡಿಯುತ್ತಿತ್ತು. ನಾಯಂಡಹಳ್ಳಿಯ ಏರಿನಲ್ಲಿ ಮುದುಕನ ಹಾಗೆ ಮುಲುಗುತ್ತಿತ್ತು. ಬಸ್ಸುಗಳಿಗೆ ರಿಪೇರಿ ಮಾಡುವ ನಮ್ಮೂರ ಮುನಿಯಪ್ಪನಿಗೆ ತೋರಿಸಿದೆ. "ರಿಂಗು ಸವೆದೋಗವೆ ಯಜಮಾನ್ರೆ, ಹೊಸಾವು ಹಾಕುದ್ರೆ ಕುದ್ರೆ ಓಡ್ದಂಗೆ ಓಡ್ತದೆ" ಎಂದ. ಎಂಜಿನ್ನಿನ ಪಿಸ್ಟನ್ನುಗಳಿಗೆ ಬಳೆಯ ಹಾಗೆ ತೊಡಿಸುವ ಆ ರಿಂಗುಗಳನ್ನು ಹುಣಸೆಮರದ ಕೆಳಗೆ ಚಾಪೆ ಹಾಸಿ ಎರಡು ದಿನ ಕೂತು ಹಾಕಿದ.

ಈ ತಿಂಗಳ ಮೂರನೇ ತಾರೀಖು ಶುಕ್ರವಾರ ಬೆಳಿಗ್ಗೆ ಹೊರಟೆವು. ಎಂಟು ವರ್ಷದಿಂದ ನಾನು ಕಾಣದ ಎಳೆತ ಕಾರಿಗೆ ಬಂದಿತ್ತು. ವೇಗ ತೋರಿಸುವ ಮುಳ್ಳು ನಲವತ್ತೈದು ಮೈಲಿ ದಾಟಿತು. ಹಿಂದೆ ಕೂತಿದ್ದ ನಿಮ್ಮಮ್ಮ, "ಏನ್ರೀ, ಯಾರ ಮುಹೂರ್ತ ತಪ್ಪೋಗ್ತಾ ಇದೆ?" ಎಂದಳು. ನಾನು ನಕ್ಕು ಇನ್ನಷ್ಟು ಒತ್ತಿದೆ. ನಾಯಂಡಹಳ್ಳಿ ಹತ್ತಿರ ಒಳಗಿನಿಂದ ಕಬ್ಬಿಣ ಕಿರುಚಿದಂಥ ಸದ್ದು ಬಂದು ಎಂಜಿನ್ ನಿಂತೇಹೋಯಿತು. ಬಿಸಿಗೆ ಹೊಸ ರಿಂಗುಗಳು ಉಬ್ಬಿ ಒಳಗೆ ಕಚ್ಚಿಕೊಂಡಿದ್ದವು. ಮುಂದುಗಡೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದರೆ ಬಂಡೆಯನ್ನು ತಿರುಗಿಸಿದ ಹಾಗೆ.

ಎರಡೂವರೆ ಗಂಟೆ ನಿಮ್ಮಮ್ಮ ರಸ್ತೆ ಪಕ್ಕದ ಆಲದ ಬೇರಿನ ಮೇಲೆ ಕೂತಿದ್ದಳು. ಮಳೆ ಹನಿಯಿತು. ಕೊನೆಗೆ ಕಡಲೆಕಾಯಿ ಮೂಟೆ ಇಳಿಸಿ ಬರುತ್ತಿದ್ದ ಗಾಡಿಯಲ್ಲಿ ಮನೆಗೆ ಕರೆತಂದೆ. ಆ ಇಂಜೆಕ್ಷನ್ ತಪ್ಪಿತು. ಮಂಗಳವಾರದ್ದೂ ತಪ್ಪಿತು. ಮೊನ್ನೆ ಶುಕ್ರವಾರ ಜಟಕಾ ಕಟ್ಟಿಸಿಕೊಂಡು ಹೋದೆವು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಚ್ಚರ ತಪ್ಪಿದಳು.

ನನ್ನ ಅಕ್ಕ, ನಿನ್ನ ಸೋದರತ್ತೆ ಅಕ್ಕಯ್ಯಮ್ಮ, ಮನೆಯ ಎಲ್ಲ ಕೆಲಸವನ್ನೂ ಮೇಲೆ ಹಾಕಿಕೊಂಡಿದ್ದಾಳೆ. ಅವಳ ಕಿವಿ ಇನ್ನಷ್ಟು ಮಂದವಾಗಿದೆ. ನಿಮ್ಮಮ್ಮ ಒಳಗಿನಿಂದ ಕೂಗಿದರೆ ಕೇಳಿಸುವುದಿಲ್ಲವೆಂದು ಒಂದು ಹಿತ್ತಾಳೆ ತಟ್ಟೆ, ಒಂದು ಸೌಟು ಹಾಸಿಗೆ ಪಕ್ಕ ಇಟ್ಟಿದ್ದೇವೆ. "ಇದೊಂದು ಬಾಕಿ ಇತ್ತು, ಮನೇಲೇ ಜಾಗಟೆ" ಎಂದು ನಿಮ್ಮಮ್ಮ ನಗುತ್ತಾಳೆ.

ಮಗುವನ್ನು ಜೋಪಾನ ಮಾಡು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ತಂದೆ,
ನಂಜುಂಡಪ್ಪ

ಮರೆತ ಮಾತು: ರಿಂಗು ಹಾಕಿದ ಮೇಲೆ ಸ್ವಲ್ಪ ದಿನ ಮೆಲ್ಲಗೆ ಓಡಿಸಬೇಕೆಂದು ಮುನಿಯಪ್ಪ ನನಗೆ ಹೇಳಿದ್ದ. ಊರವರೆಲ್ಲ ಅವನನ್ನು ಬೈಯುತ್ತಿದ್ದಾರೆ. ಅವನು ಹೇಳಿದ್ದ ವಿಷಯವನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.


ಕೆಂಗೇರಿ
3-7-1955, ಭಾನುವಾರ

ಮಗಳೇ ವತ್ಸಲಾ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕಾಗದ ಕಳೆದ ಸೋಮವಾರ ಬಂತು. ತಕ್ಷಣ ಹೊರಟು ಬರುತ್ತೇನೆಂದು ಬರೆದಿದ್ದೀಯೆ. ನಿಮ್ಮಮ್ಮನಿಗೆ ಓದಿ ಹೇಳಿದೆ. "ಕೆಮ್ಮೋ ಮಗೂನ ರೈಲಿನಲ್ಲಿ ಹಾಕ್ಕೊಂಡು ಬರಬೇಡ ಅಂತ ಬರೀರಿ. ಬಂದು ಅವಳೇನು ಕಾರು ತಳ್ತಾಳಾ?" ಎಂದಳು. ಅವಳ ಮಾತನ್ನು ಹಾಗೇ ಬರೆದಿದ್ದೇನೆ.

ಕಾರು ಈಗ ರಾಜಾಜಿನಗರದಲ್ಲಿದೆ. ಇಟ್ಟಿಗೆ ಲಾರಿಯೊಂದರ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ. ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಎರಡು ಸಲ ಹಗ್ಗ ಕಿತ್ತಿತು. ರಾಜಾಜಿನಗರ ನೀನು ನೋಡಿಲ್ಲ. ಎಲ್ಲಿ ನೋಡಿದರೂ ಕೆಂಪು ಮಣ್ಣು, ಹೊಸ ಕಾರ್ಖಾನೆಗಳ ಅರ್ಧ ಎದ್ದ ಗೋಡೆಗಳು, ನೆರಳಿಗೆ ಒಂದು ಮರವಿಲ್ಲ. ಅಲ್ಲಿ ಲಕ್ಷ್ಮೀಪತಿ ಎಂಬಾತ ತಗಡಿನ ಶೆಡ್ಡಿನಲ್ಲಿ ವರ್ಕ್‌ಶಾಪು ಇಟ್ಟಿದ್ದಾನೆ. ಯುದ್ಧದಲ್ಲಿ ಬರ್ಮಾ ಗಡಿಯವರೆಗೆ ಹೋಗಿ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿ ಬಂದವನು. ವಯಸ್ಸು ನಲವತ್ತರ ಒಳಗೆ. ಮಾತು ಕಡಿಮೆ. ಬಿಚ್ಚಿದ ಪ್ರತಿ ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾನೆ. ಅದನ್ನು ನೋಡಿ ನನಗೆ ನಂಬಿಕೆ ಬಂತು.

ಎಂಜಿನ್ನಿನ ಒಳಗೆ ಬೆರಳಾಡಿಸಿ, ಅಳತೆಯ ಸಲಕರಣೆ ಇಳಿಸಿ ನೋಡಿ, "ಈ ಗಾಡಿ ಯುದ್ಧದಲ್ಲಿ ಇದ್ದಿಲಿನ ಗ್ಯಾಸಲ್ಲಿ ಓಡಿದೆಯಾ ಯಜಮಾನ್ರೆ?" ಎಂದು ಕೇಳಿದ. ನಾನು ನಲವತ್ತಾರರಲ್ಲಿ ಕೊಳ್ಳುವ ಮುಂಚೆ ಅದು ಮೂರು ವರ್ಷ ಹಾಗೆ ಓಡಿತ್ತು. ಪೆಟ್ರೋಲು ಸಿಗದ ಕಾಲ, ಕಾರುಗಳು ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಹೌದು ಎಂದೆ. "ಅದೇ ಮತ್ತೆ. ಬೂದಿ ಒಳಗೆ ಹೋಗಿ ಉಪ್ಪುಕಾಗದ ಹಾಕಿ ಉಜ್ಜಿದಂಗೆ ಉಜ್ಜಿದೆ. ಗುಂಡಗಿರಬೇಕಾದ ಸಿಲಿಂಡರು ಮೊಟ್ಟೆ ಥರ ಆಗಿದೆ. ಇದಕ್ಕೆ ಬರೀ ರಿಂಗು ಹಾಕಿದ್ರೆ ಹರಿದ ಪಂಚೆಗೆ ಜರಿ ಅಂಚು ಹೊಲಿದಂಗೆ" ಎಂದ. ಈಗ ಪಿಸ್ಟನ್ ಓಡಾಡುವ ಆ ಸಿಲಿಂಡರುಗಳನ್ನು ಯಂತ್ರದಲ್ಲಿ ಕೊರೆದು ಗುಂಡಗೆ ಮಾಡಬೇಕು. ಇದಕ್ಕೆ ಬೋರ್ ಮಾಡುವುದು ಎನ್ನುತ್ತಾರೆ. ಕೊರೆದರೆ ಅಗಲವಾಗುತ್ತದೆ, ಅಗಲಕ್ಕೆ ತಕ್ಕ ದಪ್ಪದ ಪಿಸ್ಟನ್ ಬೇಕು. ಅದು ಬೆಂಗಳೂರಿನಲ್ಲಿಲ್ಲ. ಮದರಾಸಿನಲ್ಲೂ ಇಲ್ಲ. ಬೊಂಬಾಯಿಗೆ ಬರೆದು ಹನ್ನೊಂದು ದಿನವಾಗಿದೆ.

ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋಗಿ ಕೇಳುತ್ತಿದ್ದೇನೆ. ಲಕ್ಷ್ಮೀಪತಿ ನನ್ನನ್ನು ದೂರದಲ್ಲಿ ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಾನೆ. ಆದರೂ ಹತ್ತಿರ ಹೋಗಿ ಬಾಯಿಬಿಟ್ಟು ಕೇಳದೆ ಮನಸ್ಸು ತಡೆಯುವುದಿಲ್ಲ.

ಬಾಡಿಗೆ ಕಾರು ಏಕೆ ಮಾಡಬಾರದು ಎಂದು ಕೇಳಿದ್ದೀಯೆ. ಮಾಡುತ್ತಿದ್ದೇನೆ. ಅದಕ್ಕೆ ನಾನು ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬರಲು ಒಪ್ಪುವವನನ್ನು ಹುಡುಕಿ, ಅದರಲ್ಲೇ ಕೂತು ವಾಪಸು ಬಂದು ನಿಮ್ಮಮ್ಮನನ್ನು ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ಇಂಜೆಕ್ಷನ್ ಕೊಡುವ ಹೊತ್ತು ಮೀರಿರುತ್ತದೆ. ಹೋದ ತಿಂಗಳಲ್ಲಿ ಎಂಟು ಇಂಜೆಕ್ಷನ್ ಆಗಬೇಕಿತ್ತು, ಆದದ್ದು ಮೂರು. ಇಲ್ಲಿಯ ಕಾಂಪೌಂಡರನ್ನು ಕೈಮುಗಿದು ಕೇಳಿದೆ. ಆ ಔಷಧಿ ಹೃದಯವನ್ನೇ ನಿಲ್ಲಿಸಬಹುದು, ಡಾಕ್ಟರು ಪಕ್ಕದಲ್ಲಿಲ್ಲದೆ ಮುಟ್ಟುವುದಿಲ್ಲ ಎಂದ. ಆಸ್ಪತ್ರೆಯಲ್ಲೇ ಇರಿಸಿಕೊಳ್ಳಿ ಎಂದು ಬೇಡಿದೆ. ನೆಲದ ಮೇಲೂ ರೋಗಿಗಳು ಮಲಗಿದ್ದಾರೆ, ಮನೆಯೇ ವಾಸಿ ಎಂದರು.

ಮೊನ್ನೆ ವರ್ಕ್‌ಶಾಪಿನಲ್ಲಿ ನಾನು ಸ್ವಲ್ಪ ಸಂಯಮ ಕಳೆದುಕೊಂಡೆ. ಲಕ್ಷ್ಮೀಪತಿ ಬೇರೆ ಯಾರದೋ ಜೀಪಿನ ಕೆಳಗೆ ಮಲಗಿದ್ದ. ನಾನು ನಿಂತುಕೊಂಡೇ, "ನೋಡಪ್ಪ, ನನ್ನ ಹೆಂಡತಿ ಮಲಗೋಕೆ ಆಗದೆ ಕೂತ್ಕೊಂಡೇ ನಿದ್ದೆ ಮಾಡ್ತಾಳೆ. ಇನ್ನೆಷ್ಟು ದಿನ ಅಂತ ನೀನು ಹೇಳು" ಎಂದುಬಿಟ್ಟೆ. ಅವನು ಹೊರಗೆ ಬಂದ. ಕೈ ಒರೆಸಿಕೊಂಡು ಸೈಕಲ್ ಹತ್ತಿ ತಂತಿ ಆಫೀಸಿಗೆ ಹೋಗಿ ಬೊಂಬಾಯಿಗೆ ತಾನೇ ತಂತಿ ಕೊಟ್ಟು ಬಂದ. ಒಳ್ಳೆಯ ಮನುಷ್ಯ.

ಶುಭವಾಗಲಿ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂದೆ,
ನಂಜುಂಡಪ್ಪ

ಮರೆತ ಮಾತು: ನಿಮ್ಮಮ್ಮ ಕೂತೇ ನಿದ್ದೆ ಮಾಡುವ ವಿಷಯ ಬರೆಯಬಾರದೆಂದಿದ್ದೆ. ಮೇಲೆ ಬರೆದುಬಿಟ್ಟಿದ್ದೇನೆ. ಗೋಡೆಗೆ ಮೂರು ದಿಂಬು ಒರಗಿಸಿ, ಎದುರಿಗೆ ನನ್ನ ಓದುವ ಮೇಜು ಇಟ್ಟಿದ್ದೇವೆ. ಅದರ ಮೇಲೆ ತಲೆಯಿಟ್ಟು ಮಲಗುತ್ತಾಳೆ.


ಕೆಂಗೇರಿ
7-8-1955, ಭಾನುವಾರ

ಮುದ್ದು ಮಗಳು ವತ್ಸಲಾಳಿಗೆ, ಅಪ್ಪನಿಂದ.

ಐದು ವಾರದಿಂದ ನಾನು ಕಾಗದ ಬರೆಯಲಿಲ್ಲ. ಅಕ್ಕಯ್ಯನ ಹೆಸರಿನಲ್ಲಿ ಕಾರ್ಡು ಹಾಕಿಸುತ್ತಿದ್ದೆ, ತಲುಪಿರಬೇಕು. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಮೊನ್ನೆ ಶುಕ್ರವಾರ ಕಾರು ಮನೆಗೆ ಬಂತು.

ಪಿಸ್ಟನ್ನುಗಳು ಜುಲೈ ಇಪ್ಪತ್ತೆಂಟಕ್ಕೆ ಬಂದವು. ಲಕ್ಷ್ಮೀಪತಿ ನಾಲ್ಕು ದಿನ ಬೇರೆ ಗಾಡಿ ಮುಟ್ಟಲಿಲ್ಲ. ಎಂಜಿನ್ ಶುರು ಮಾಡಿದ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಕಿವಿ ಇಡಿ" ಎಂದ. ಬೀಸುವ ಕಲ್ಲಿಗೆ ಹೊಟ್ಟೆ ತುಂಬ ರಾಗಿ ಹಾಕಿ ಬೀಸಿದಾಗ ಬರುತ್ತದಲ್ಲ, ಅಂಥ ಒಂದೇ ಸಮನಾದ ಸದ್ದು. ಹೊಗೆ ಇಲ್ಲ, ಕುಟ್ಟುವುದಿಲ್ಲ. ನಾನು ಅಂಗವಸ್ತ್ರದಿಂದ ಮುಖ ಒರೆಸಿಕೊಂಡೆ. ಅವನು ನೋಡದವನ ಹಾಗೆ ಸ್ಪ್ಯಾನರು ಎಣಿಸುತ್ತ ನಿಂತ.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿದ ಮೇಲೆ ಬೀಗದ ಕೈ ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡು ಹೇಳಿದ: "ಯಜಮಾನ್ರೆ, ಎಂಜಿನ್ನು ಈಗ ಹಸಿ ಬಾಣಂತಿ. ಮೊದಲ ಐನೂರು ಮೈಲಿ ಇಪ್ಪತ್ತೈದರ ಮೇಲೆ ಮುಳ್ಳು ಹೋಗಬಾರದು. ಒಳಗಿನ ಹೊಸ ಲೋಹ ಒಂದಕ್ಕೊಂದು ಒಗ್ಗಬೇಕು. ಇನ್ನೊಂದ್ಸಲ ಕಚ್ಚಿಕೊಂಡರೆ ಕೊರೆಯೋದಕ್ಕೆ ಒಳಗೆ ಲೋಹ ಉಳಿದಿಲ್ಲ. ಸೀದಾ ಗುಜರಿ. ನನ್ನ ಹತ್ರ ಬರಬೇಡಿ. ಮಾತು ಕೊಡಿ."

ಕೊಟ್ಟೆ. ಅವನ ಕೈ ಮೇಲೆ ಕೈಯಿಟ್ಟು ಕೊಟ್ಟೆ. ಜೂನ್ ಮೂರನೇ ತಾರೀಖಿನ ಕಿರುಚಾಟ ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಅವತ್ತು ಮುನಿಯಪ್ಪನ ಒಂದು ಮಾತು ಕೇಳಿದ್ದರೆ ನಿಮ್ಮಮ್ಮ ಎರಡು ತಿಂಗಳು ಮೇಜಿನ ಮೇಲೆ ತಲೆಯಿಟ್ಟು ಮಲಗಬೇಕಿರಲಿಲ್ಲ. ಅವನು ಒಂದು ತಗಡಿನ ಮೇಲೆ "ಹೊಸ ಎಂಜಿನ್, ನಿಧಾನ" ಎಂದು ಬಿಳಿ ಬಣ್ಣದಲ್ಲಿ ಬರೆದು ಹಿಂದುಗಡೆ ಕಟ್ಟಿ ಕಳಿಸಿದ.

ಅಲ್ಲಿಂದ ಮನೆಗೆ ಬರುವಾಗ ಮೈಸೂರು ರಸ್ತೆಯಲ್ಲಿ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ರಾಮನಗರದ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ತಳ್ಳೋದಕ್ಕೆ ಜನ ಇಳಿಸ್ಲಾ ಯಜಮಾನ್ರೇ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ನಿಮ್ಮಮ್ಮನನ್ನು ಕೈಹಿಡಿದು ಹೊರಗೆ ಕರೆತಂದು ಕಾರು ತೋರಿಸಿದೆ. ಅವಳು ಈ ಕಾರನ್ನು ಮೊದಲಿನಿಂದಲೂ ತನ್ನ ಸವತಿ ಎನ್ನುತ್ತಾಳೆ, ನಿನಗೆ ಗೊತ್ತಿದೆ. ಐನೂರು ಮೈಲಿಯ ಪಥ್ಯದ ವಿಷಯ ಹೇಳಿದಾಗ ಬಾನೆಟ್ಟಿನ ಮೇಲೆ ಕೈಯಾಡಿಸಿ, "ನಾನು ಬಾಣಂತಿ ಆಗಿದ್ದಾಗ ನಮ್ಮತ್ತೆ ಹನ್ನೊಂದನೇ ದಿನಕ್ಕೇ ಕಳೆ ಕೀಳೋದಕ್ಕೆ ಕಳಿಸಿದ್ರು. ಇವಳ ಪುಣ್ಯ ನೋಡಿ" ಎಂದಳು. ಅಕ್ಕಯ್ಯನಿಗೆ ಕೇಳಿಸದೆ, "ಏನಂದ್ಲು, ಏನಂದ್ಲು?" ಎಂದು ನನ್ನ ತೋಳು ಜಗ್ಗಿದಳು. ನಾನು ಕಿವಿಯ ಹತ್ತಿರ ಕೂಗಿ ಹೇಳಿದೆ. ಮೂವರೂ ಬೀದಿಯಲ್ಲಿ ನಿಂತು ನಕ್ಕೆವು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಇನ್ನು ಮೇಲೆ ಒಂದು ಇಂಜೆಕ್ಷನ್ನೂ ತಪ್ಪುವುದಿಲ್ಲ. ಆಸ್ಪತ್ರೆಗೆ ಹೋಗಿ ಬಂದರೆ ಹದಿನೆಂಟು ಮೈಲಿ, ವಾರಕ್ಕೆ ಮೂವತ್ತಾರು. ಅಷ್ಟರಿಂದಲೇ ಐನೂರು ಮುಗಿಯಲು ಹದಿನಾಲ್ಕು ವಾರ ಬೇಕು. ಅಷ್ಟು ದಿನ ಕಾಯಲಾರೆ. ಬೆಳಗಿನ ಬಸ್ಸಿನಲ್ಲಿ ಪತ್ರಿಕೆ ಬಂದು, ಅದನ್ನು ಓದಿ ಮುಗಿಸಿದ ಮೇಲೆ ಬಿಡುವಿದ್ದ ದಿನ ಬಿಡದಿಯವರೆಗೆ ಸುಮ್ಮನೆ ಹೋಗಿ ಬರಬೇಕೆಂದಿದ್ದೇನೆ. ಅದು ಇಪ್ಪತ್ತೆರಡು ಮೈಲಿ. ಈ ವರ್ಷ ಅಧಿಕ ಮಾಸ ಬಂದು ಗೌರಿ ಹಬ್ಬ ಸೆಪ್ಟೆಂಬರಿಗೆ ಹೋಗಿದೆ. ಹಬ್ಬಕ್ಕೆ ನೀನು ಮಗುವಿನೊಂದಿಗೆ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅಷ್ಟರಲ್ಲಿ ಐನೂರು ಮುಗಿದಿರುತ್ತದೆ, ಜೋರಾಗಿ ಕರೆದುಕೊಂಡು ಬರುತ್ತೇನೆ.

ನಿಮ್ಮೆಲ್ಲರಿಗೂ ಆಯುಷ್ಯ ಆರೋಗ್ಯ ಇರಲಿ.

ನಿನ್ನ ತಂದೆ,
ನಂಜುಂಡಪ್ಪ

ಮರೆತ ಮಾತು: ಇವತ್ತಿಗೆ ಮೂವತ್ತೊಂದು ಮೈಲಿ ಆಗಿದೆ. ಉಳಿದದ್ದು ನಾನೂರ ಅರವತ್ತೊಂಬತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನವೂ ಬರೆದಿಡುತ್ತಿದ್ದೇನೆ.


ಕೆಂಗೇರಿ
25-9-1955, ಭಾನುವಾರ

ಮಗಳೇ ವತ್ಸಲಾ,

ನೀನು ದಾವಣಗೆರೆ ತಲುಪಿ ಬರೆದ ಕಾಗದ ಇಪ್ಪತ್ತನೇ ತಾರೀಖು ಬಂತು. ಐದು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಈ ತಡವನ್ನು ಕ್ಷಮಿಸು.

ನಿಮ್ಮಮ್ಮ ಹೋಗಿ ಇವತ್ತಿಗೆ ಇಪ್ಪತ್ತೈದನೇ ದಿನ. ನೀನು ಇದ್ದ ಎರಡು ವಾರ ಮನೆ ತುಂಬ ಜನ ಇದ್ದರು. ಈಗ ನಾನು ಮತ್ತು ಅಕ್ಕಯ್ಯ. ಹಿತ್ತಾಳೆ ತಟ್ಟೆ ಇನ್ನೂ ಹಾಸಿಗೆಯ ಪಕ್ಕದಲ್ಲೇ ಇದೆ. ತೆಗೆದಿಡು ಎಂದು ಅಕ್ಕಯ್ಯನಿಗೆ ಎರಡು ಸಲ ಹೇಳಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಗೌರಿ ಹಬ್ಬ ಈ ಸಲ ನಮಗಿಲ್ಲವಾದ್ದರಿಂದ ಪಕ್ಕದ ಮನೆಯ ಬೋರಮ್ಮ ಎರಡು ಹೋಳಿಗೆ ತಂದುಕೊಟ್ಟು ಹೋದಳು. ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಬಂದಿದೆ. ಪತ್ರಿಕೆ ಬರುತ್ತದೆ, ಮಡಿಕೆ ಬಿಚ್ಚುತ್ತೇನೆ, ಓದಿದ್ದು ನೆನಪಿರುವುದಿಲ್ಲ.

ಬಸ್ಸಿನ ಮುನಿಯಪ್ಪ ಮೊನ್ನೆ ಬಂದು ಜಗಲಿಯ ಮೇಲೆ ಕೂತಿದ್ದ. ಅವನು ಮೆಲ್ಲಗೆ ಓಡಿಸಲು ಹೇಳಿದ್ದು ನಿಜ, ಕೇಳದವನು ನಾನು ಎಂದು ಅಲ್ಲಿದ್ದ ನಾಲ್ಕು ಜನರ ಮುಂದೆ ಹೇಳಿದೆ. "ಈಗ್ಯಾಕೆ ಅದೆಲ್ಲ ಯಜಮಾನ್ರೆ" ಎಂದು ಎದ್ದು ಹೋದ.

ಗುರುವಾರ ಕಾರನ್ನು ರಾಜಾಜಿನಗರಕ್ಕೆ ತೆಗೆದುಕೊಂಡು ಹೋಗಿದ್ದೆ. ಎಣ್ಣೆ ಬದಲಾಯಿಸುವ ಹೊತ್ತಾಗಿತ್ತು. ಲಕ್ಷ್ಮೀಪತಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಹಳೆಯ ಎಣ್ಣೆಯನ್ನು ಅಂಗೈ ಮೇಲೆ ಹಾಕಿಕೊಂಡು, ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದ. ಲೋಹದ ಚೂರು ಒಂದೂ ಇರಲಿಲ್ಲ. "ಇಷ್ಟು ಚೆನ್ನಾಗಿ ಪಳಗಿದ ಎಂಜಿನ್ ನಾನು ನೋಡಿಲ್ಲ. ಇನ್ನು ಹತ್ತು ವರ್ಷ ಇದರ ತಂಟೆ ಇಲ್ಲ" ಎಂದು ಹಿಂದಿನ ತಗಡನ್ನು ತಾನೇ ಬಿಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ, "ಅಮ್ಮಾವ್ರು ಹೇಗಿದಾರೆ?" ಎಂದು ಕೇಳಿದ.

ನಿನ್ನ ಕಾಗದದಲ್ಲಿ ಹೀಗೆ ಬರೆದಿದ್ದೀಯೆ: "ಅಪ್ಪ, ಕೊನೆಯ ದಿನ ನೀವು ಅಮ್ಮನಿಗೆ ಒಂದು ಕುಲುಕೂ ಆಗದ ಹಾಗೆ ಮೆಲ್ಲಗೆ ಕರೆದುಕೊಂಡು ಹೋದಿರೆಂದು ಅತ್ತೆ ಹೇಳಿದರು. ನಾನು ಜೊತೆಯಲ್ಲಿ ಇರಲಿಲ್ಲವಲ್ಲ ಎಂದು ಅಳು ಬಂದಾಗ ಅದನ್ನೇ ನೆನೆಸಿಕೊಳ್ಳುತ್ತೇನೆ." ಬಂದುಹೋದವರಿಗೆಲ್ಲ ಅಕ್ಕಯ್ಯ ಇದನ್ನೇ ಹೇಳಿದಳು. "ನನ್ ತಮ್ಮ ಹೂವಿನ್ ತಟ್ಟೆ ಹೊತ್ಕೊಂಡು ಹೋದಂಗೆ ಕರ್ಕೊಂಡ್ ಹೋದ" ಎಂದು. ಹನ್ನೊಂದನೇ ದಿನ ಊಟಕ್ಕೆ ಕೂತ ಪಂಕ್ತಿಯಲ್ಲೂ ಅದೇ ಮಾತು. ನಾನು ಬಡಿಸುತ್ತಿದ್ದೆ.

ಮಗುವಿಗೆ ನನ್ನ ಮುತ್ತು ಕೊಡು. ನಿನ್ನ ಮನೆ ತಂಪಾಗಿರಲಿ, ನಿನ್ನ ಮಕ್ಕಳು ನಿನ್ನ ಕಣ್ಣ ಮುಂದೆ ಬೆಳೆಯಲಿ.

ನಿನ್ನ ತಂದೆ,
ನಂಜುಂಡಪ್ಪ

ಮರೆತ ಮಾತು ಎಂದು ಪ್ರತಿ ಸಲ ಬರೆಯುತ್ತಿದ್ದೆ. ಇದು ಮರೆತದ್ದಲ್ಲ. ನೀನು ಇಲ್ಲಿದ್ದಾಗ ಹೇಳಬೇಕೆಂದು ದಿನವೂ ಅಂದುಕೊಂಡೆ.

ಮೆಲ್ಲಗೆ ಹೋದದ್ದು ನಿಮ್ಮಮ್ಮನಿಗಾಗಿ ಅಲ್ಲ. ಎಂಜಿನ್ನಿಗಾಗಿ.

ಅವತ್ತು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ತಟ್ಟೆ ಬಡಿದಳು. ತುಟಿ ನೀಲಿಯಾಗಿತ್ತು. ಉಸಿರಿನಲ್ಲಿ ನೀರು ಕುದಿಯುವ ಸದ್ದು. ನಾನು ಮತ್ತು ಅಕ್ಕಯ್ಯ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಹೊರಡುವಾಗ ಮೈಲಿಯ ಲೆಕ್ಕ ನಾನೂರ ಹನ್ನೆರಡಾಗಿತ್ತು. ಅದನ್ನು ನೋಡಿದೆ, ಆ ಹೊತ್ತಿನಲ್ಲೂ ನೋಡಿದೆ. ಕಾರು ಮತ್ತೆ ನಾಯಂಡಹಳ್ಳಿಯಲ್ಲಿ ನಿಂತುಬಿಟ್ಟರೆ ದಾರಿಯಲ್ಲೇ ಕಳೆದುಕೊಳ್ಳುತ್ತೇನೆಂದು ಹೆದರಿದೆ ಎಂದು ಬರೆಯಬಹುದು. ಆದರೆ ನಿಜವಾಗಿ ಯೋಚನೆಯನ್ನೇ ಮಾಡಲಿಲ್ಲ. ಮುಳ್ಳು ಇಪ್ಪತ್ತೈದಕ್ಕೆ ಬಂದ ಕೂಡಲೇ ಕಾಲು ತಾನಾಗಿ ಹಿಂದೆ ಬಂತು. ನಾಲ್ಕು ವಾರದಿಂದ ಅದನ್ನು ಹಾಗೆ ಪಳಗಿಸಿದ್ದೆ.

ನಾಯಂಡಹಳ್ಳಿ ದಾಟಿದ ಮೇಲೆ ನಿಮ್ಮಮ್ಮ, "ರೀ, ಸ್ವಲ್ಪ ಬೇಗ ಹೋಗೋಕಾಗಲ್ವಾ?" ಎಂದಳು. "ಇನ್ನೂ ಎಂಬತ್ತು ಚಿಲ್ಲರೆ ಮೈಲಿ ಇದೆಯಲ್ಲೇ" ಎಂದೆ. ಇದು ನನ್ನ ಬಾಯಿಂದಲೇ ಬಂದ ಮಾತು. ಅವಳು, "ಹೌದಲ್ವಾ, ಬಾಣಂತಿ. ನಿಧಾನವಾಗೇ ಹೋಗ್ಲಿ ಬಿಡಿ" ಎಂದಳು. ಆಮೇಲೆ ಮಾತಾಡಲಿಲ್ಲ. ಅಕ್ಕಯ್ಯ ಅವಳ ತಲೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದಳು, ಅವಳಿಗೆ ಇದು ಕೇಳಿಸಿಲ್ಲ.

ಆಸ್ಪತ್ರೆಯ ಒಳಗೆ ಎತ್ತಿಕೊಂಡು ಹೋದಾಗ ಡಾಕ್ಟರು ನಾಡಿ ನೋಡಿ, ನಿಂತು ಐದು ನಿಮಿಷವಾಗಿರಬಹುದು ಎಂದರು. ಒಂಬತ್ತು ಮೈಲಿಗೆ ಇಪ್ಪತ್ತೈದರ ವೇಗದಲ್ಲಿ ಇಪ್ಪತ್ತೊಂದೂವರೆ ನಿಮಿಷ ಹಿಡಿಯುತ್ತದೆ. ನಲವತ್ತರಲ್ಲಿ ಹದಿಮೂರೂವರೆ. ವ್ಯತ್ಯಾಸ ಎಂಟು ನಿಮಿಷ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಎಂಟೇ ಬರುತ್ತದೆ.

ಮೊನ್ನೆ ಗುರುವಾರ ಎಣ್ಣೆ ಬದಲಾಯಿಸಲು ಹೋದಾಗ ಲಕ್ಷ್ಮೀಪತಿಯನ್ನು, ನಾನೂರು ಮೈಲಿ ಆದ ಮೇಲೆ ಒಂದು ದಿನ ಜೋರಾಗಿ ಓಡಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವನು ನಕ್ಕ. "ಏನೂ ಆಗ್ತಿರಲಿಲ್ಲ ಯಜಮಾನ್ರೆ. ಇನ್ನೂರೈವತ್ತಕ್ಕೇ ಪಳಗಿರುತ್ತೆ. ಇನ್ನೂರೈವತ್ತು ಅಂತ ಹೇಳಿದ್ರೆ ಜನ ನೂರಕ್ಕೇ ಹಾರಿಸ್ತಾರೆ. ಅದಕ್ಕೆ ಎಲ್ಲರಿಗೂ ಐನೂರು ಅಂತೀವಿ. ಪೂರ್ತಿ ನಡೆಸಿದೋರನ್ನ ನಿಮ್ಮೊಬ್ಬರನ್ನೇ ನಾನು ನೋಡಿದ್ದು" ಎಂದ. ಅವನು ಅಮ್ಮಾವ್ರನ್ನು ವಿಚಾರಿಸಿದ್ದು ಇದಾದ ಮೇಲೆ. ಹೋದಳು ಎಂದಷ್ಟೇ ಹೇಳಿದೆ. ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಎಂದು ಹೇಳಲಿಲ್ಲ. ಅವನದೇನೂ ತಪ್ಪಿಲ್ಲ.

ಇನ್ನು ಒಂದು ವಿಷಯ ಉಳಿದಿದೆ. ಅವತ್ತು ಮಧ್ಯಾಹ್ನ ಅವಳನ್ನು ಅದೇ ಸೀಟಿನಲ್ಲಿ ಮಲಗಿಸಿಕೊಂಡು, ಅಕ್ಕಯ್ಯನನ್ನು ಕೂರಿಸಿಕೊಂಡು ಮನೆಗೆ ಹೊರಟೆ. ಬೆಂಗಳೂರು ದಾಟಿದ ಮೇಲೆ ನೋಡಿಕೊಂಡರೆ ಮುಳ್ಳು ನಲವತ್ತೈದರಲ್ಲಿತ್ತು. ಕಾಲು ತೆಗೆಯಲಿಲ್ಲ. ಕೆಂಗೇರಿಯವರೆಗೂ ಹಾಗೇ ಬಂದೆ. ನಾಯಂಡಹಳ್ಳಿಯ ಏರಿನಲ್ಲೂ ಎಂಜಿನ್ ಒಂದು ಸದ್ದು ಮಾಡಲಿಲ್ಲ.